ಚಪ್ಪಲಿ ಬಿಚ್ಚದ ಮಕ್ಕಳು

ಪಾರ್ಸೆಲ್ ಬಿಚ್ಚಿದೊಡನೆ ಕರ್ಪೂರದ ವಾಸನೆ ಬಂತು. ಒಳಗೇನಿದೆಯೆಂದು ನೋಡುವ ಮೊದಲೇ ಗೊತ್ತಾಯಿತು. ಹುಳ ಬಾರದಿರಲೆಂದು ಚಿತ್ರದ ಚೌಕಟ್ಟಿನ ಹಿಂದೆ ಕರ್ಪೂರದ ಪೊಟ್ಟಣ ಸಿಕ್ಕಿಸುತ್ತಿದ್ದವರು ನಮ್ಮ ಪಕ್ಕದ ಮನೆಯ ಆಂಟಿ ಒಬ್ಬರೇ.

ಆಗ ನಾವು ಅಮೆರಿಕದ ಹರ್ನ್‌ಡನ್‌ನಲ್ಲಿದ್ದೆವು. ಕೋವಿಡ್ ಕಾಲ; ಎರಡು ಮನೆಯವರೂ ಒಂದೇ ಸಂಸಾರದಂತಾಗಿದ್ದೆವು. ಆಂಟಿಯ ಹಜಾರದಲ್ಲಿತ್ತು ಆ ಚಿತ್ರ. ಯೂರೋಪಿನವನೊಬ್ಬ ನೂರೈವತ್ತು ವರ್ಷದ ಹಿಂದೆ ಬರೆದ ತೈಲಚಿತ್ರದ ಪ್ರತಿ, ಯಾರೋ ಅಂಗಳದಲ್ಲಿ ಹಳೇ ಸಾಮಾನು ಮಾರುತ್ತಿದ್ದ ಯಾರ್ಡ್ ಸೇಲ್‌ನಲ್ಲಿ ಕೊಂಡದ್ದು. ಅರಬರ ನಾಡಿನ ಇಬ್ಬರು ಮಕ್ಕಳು, ರೇಷ್ಮೆ ಬಟ್ಟೆ, ಕೈಯಲ್ಲಿ ದಾಳಿಂಬೆ, ಕೆಳಗೆ ಹೂಬಳ್ಳಿಯ ರತ್ನಗಂಬಳಿ. ಅದರ ಮೇಲೆ ಕುಳಿತವರ ಕಾಲಲ್ಲಿ ಚಪ್ಪಲಿ!

“ಬರೆದವನು ಆ ಮಕ್ಕಳ ಅಮ್ಮನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ಲು,” ಎನ್ನುತ್ತಿದ್ದರು ಆಂಟಿ. “ಯಾವ ತಾಯಿ ಹೀಗೆ ಕೂರೋಕೆ ಬಿಡ್ತಾಳೆ?”

ಐದು ವರ್ಷದ ನನ್ನ ಮಗಳಿಗೆ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಆಡುತ್ತಿರಲಿಲ್ಲ. ಮೈಸೂರಿನಿಂದ ನನ್ನಮ್ಮ ವೀಡಿಯೊ ಕಾಲ್ ಮಾಡಿದರೆ “ಹಾಯ್” ಎಂದು ಓಡುವಳು. ಅಮ್ಮ ಖಾಲಿ ಕುರ್ಚಿಯನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದರು...

ಆಂಟಿ ಅವಳಿಗೆ ‘ಕನ್ನಡ ಮಾತಾಡು’ ಎಂದು ಒಮ್ಮೆಯೂ ಹೇಳಲಿಲ್ಲ. ಚಿತ್ರವನ್ನೇ ಗದರುತ್ತಿದ್ದರು: “ಏಳ್ರೋ, ಚಪ್ಪಲಿ ಬಿಚ್ಚಿ ಬನ್ನಿ!” ಆಮೇಲೆ ಮೂಗು ಹಿಡಿದುಕೊಂಡು ಮಕ್ಕಳ ದನಿಯಲ್ಲಿ ತಾವೇ ಉತ್ತರ ಕೊಡುವರು: “ನಾಳೆ ಬಿಚ್ತೀವಿ!”

“ವೈ ನಾಟ್ ಟುಡೇ?” ಎಂದಳು ಮಗಳು.

“ನನ್ನನ್ಯಾಕೆ ಕೇಳ್ತೀಯ ಪುಟ್ಟಿ? ಅವ್ರನ್ನೇ ಕೇಳು. ಪಾಪ, ಇಂಗ್ಲಿಷ್ ಬರಲ್ಲ.”

ನಾನು ನಕ್ಕೆ. “ಅರಬ್ ಮಕ್ಕಳಿಗೆ ಕನ್ನಡ ಬರುತ್ತಾ ಆಂಟಿ?”

“ನಮ್ಮನೇಲಿ ಮೂರು ವರ್ಷದಿಂದ ಇದಾರೆ. ಕಲೀದೆ ಇರ್ತಾರಾ?”

ಮಗಳು ಬಹಳ ಹೊತ್ತು ಚಿತ್ರದ ಮುಂದೆ ನಿಂತಿದ್ದಳು. ಮರುದಿನ ಅಮ್ಮನ ಕಾಲ್ ಬಂದಾಗ ನನ್ನ ಫೋನ್ ಕಿತ್ತುಕೊಂಡು ಆಂಟಿಯ ಮನೆಗೆ ಓಡಿದಳು. “ಅಜ್ಜಿ, ನೋಡು! ಇವ್ರು ಚಪ್ಪಲಿ ಬಿಚ್ಚಲ್ಲ!” ಆ ಕಡೆಯಿಂದ ಅಮ್ಮ, “ಎಲ್ಲಿ, ಯಾರು ಕಂದ? ನಾನೂ ಬೈತೀನಿ ತೋರ್ಸು,” ಎಂದರು. ಆವತ್ತು ಮುಕ್ಕಾಲು ಗಂಟೆ ಮಾತು. ಆಂಟಿ ಮಾತ್ರ ಅಡುಗೆಮನೆಯಲ್ಲಿ ಏನೂ ಕೇಳದವರಂತೆ ಹುರುಳಿಕಾಯಿ ಹೆಚ್ಚುತ್ತಿದ್ದರು.

ಆಮೇಲೆ ಅವರು ಅಟ್ಲಾಂಟಾದ ಮಗಳ ಮನೆಗೆ ಹೋದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಮಗಳು ಕಳಿಸಿದ ಈ ಚೌಕಟ್ಟಿನ ಹಿಂದೆ, ಕರ್ಪೂರದ ಪೊಟ್ಟಣದ ಪಕ್ಕ, ಆಂಟಿಯ ದುಂಡು ಅಕ್ಷರದಲ್ಲಿ ನನ್ನ ಮಗಳ ಹೆಸರಿದೆ.

ಚಿತ್ರ ತೂಗುಹಾಕಲು ಅವಳೇ ಜಾಗ ಆರಿಸಿದಳು: ಬಾಗಿಲ ಬಳಿ, ಶೂ ಇಡುವ ಸ್ಟ್ಯಾಂಡಿನ ಮೇಲೆ. ಇವತ್ತು ಸ್ಕೂಲಿನಿಂದ ಬಂದವಳು ಶೂ ಬಿಚ್ಚುತ್ತಾ ತಲೆಯೆತ್ತಿ, “ಇನ್ನೂ ಬಿಚ್ಚಿಲ್ವಾ?” ಎಂದು ಗದರಿದಳು.

ಒಂದು ಶೂ ಕೈಯಲ್ಲೇ ಹಿಡಿದು ಚಿತ್ರದ ಕಡೆ ಕಿವಿಗೊಟ್ಟಳು. ನಾನು ಮೂಗು ಹಿಡಿದುಕೊಂಡು, “ನಾಳೆ ಬಿಚ್ತೀವಿ,” ಎಂದೆ.