ಪಿಲ್ವಿ ಹಿಂತಿರುಗಿ ನೋಡಿದಾಗ

ದೂರದ ಉತ್ತರದ ಹಿಮನಾಡಿನ ಇನಾರಿ ಸರೋವರದ ಸೀಮೆಯಲ್ಲಿ ನಾಯಿಬಂಡಿ ಕಟ್ಟಿ ಪ್ರವಾಸಿಗರಿಗೆ ಹಿಮದ ಬಯಲು ತೋರಿಸುವವರು ಹಲವರಿದ್ದಾರೆ; ಆದರೆ ನಾಯಿಗೂ ಪ್ರವಾಸಿಗೂ ಒಂದೇ ತೂಕದ ಅಕ್ಕರೆ ತೋರಿದವರು ಯಾರೆಂದು ಕೇಳಿದರೆ, ಈ ವಸಂತದಲ್ಲಿ ನಿವೃತ್ತರಾದ ಮಾನ್ಯ ಹಿಲ್ಕಾ ಮೊರೊತ್ತಾಯ ಅವರ ಹೆಸರೇ ಎಲ್ಲರ ಬಾಯಲ್ಲಿ ಬರುತ್ತದೆ. ಬೈಯುವುದರಲ್ಲಿಯೂ ಅವರು ಭೇದವೆಣಿಸಿದವರಲ್ಲ.

ಹಿಮಸಾರಂಗ ಸಾಕುವ ಮನೆತನದ ಹುಡುಗಿ, ಯಾರೋ ಬೇಡವೆಂದು ಬಿಟ್ಟ ಹಸ್ಕಿ ನಾಯಿಗಳನ್ನು ಕಟ್ಟಿಕೊಂಡು ಈ ಕೆಲಸಕ್ಕಿಳಿದಾಗ ನೆಂಟರಿಷ್ಟರು ಮೂಗು ಮುರಿದಿದ್ದರು. "ಸಾರಂಗ ಯಾವತ್ತು ನನ್ ಮಾತು ಕೇಳಿದೆ? ಇವಾದ್ರೂ ಕಿವಿ ನಿಮಿರಿಸ್ತವೆ" ಎಂದು ಹಿಲ್ಕಾ ನಕ್ಕುಬಿಟ್ಟರು.

ಹೊರಡುವ ಮುನ್ನ ನಾಯಿಗಳೆಲ್ಲ ಮುಗಿಲು ಹರಿಯುವಂತೆ ಬೊಗಳುವುದನ್ನು ಕೇಳಿ ಪ್ರವಾಸಕ್ಕೆ ಬಂದ ವೃದ್ಧೆಯೊಬ್ಬರು ಒಮ್ಮೆ ಅತ್ತೇಬಿಟ್ಟರು. "ಹೆದ್ರಬೇಡಿ ತಾಯಿ. ಅದು ಕೋಪ ಅಲ್ಲ, ಆತುರ. ಹೊರಟ ಮೇಲೆ ನೋಡಿ, ಒಂದೂ ಉಸಿರೆತ್ತಲ್ಲ" ಎಂದು ಹಿಲ್ಕಾ ತಮ್ಮ ಬೆಚ್ಚನೆಯ ಕೈಗವಸನ್ನು ಅವರಿಗೆ ತೊಡಿಸಿ, ಅವರ ಒದ್ದೆ ಗವಸನ್ನು ತಮ್ಮ ಅಂಗಿಯೊಳಗೆ ಹೊಟ್ಟೆಗೊತ್ತಿಕೊಂಡು ಒಣಗಿಸಿದರು.

ಕಳೆದ ಚಳಿಗಾಲದಲ್ಲಿ ಅವರ ಭುಜ ಕೈಕೊಟ್ಟಿತು. ಬಂಡಿ ನಡೆಸಲು ಶಿಷ್ಯೆ ಸೈಲಾ ಸಿದ್ಧಳಿದ್ದಳು, ನಾಯಿಗಳು ಸಿದ್ಧವಿರಲಿಲ್ಲ. ಎಲ್ಲಕ್ಕಿಂತ ಮುಂದೆ ಓಡುವ ಮುಂದಾಳು ನಾಯಿ ಪಿಲ್ವಿಯಂತೂ ಹಿಲ್ಕಾ ಇಲ್ಲದ ಬಂಡಿಯನ್ನು ಗೇಟಿನಾಚೆ ಎಳೆಯಲೇ ಇಲ್ಲ. ಮುಂದಾಳು ನಡೆಯದಿದ್ದರೆ ತಂಡವನ್ನೇ ಒಡೆದು, ಜೊತೆಯಲ್ಲಿ ಹುಟ್ಟಿ ಬೆಳೆದ ನಾಯಿಗಳನ್ನು ದಿಕ್ಕಿಗೊಂದರಂತೆ ಕೊಟ್ಟುಬಿಡಬೇಕಿತ್ತು. ಆ ಯೋಚನೆಗೆ ಹಿಲ್ಕಾರಿಗೆ ಅನ್ನನೀರು ಸೇರದಾಯಿತು.

ಕೊನೆಗೆ ಉಪಾಯ ಹೂಡಿದವರೂ ಅವರೇ: ತಾವು ಪ್ರವಾಸಿಯಂತೆ ಬಂಡಿಯಲ್ಲಿ ಕೂರುವುದು, ಸೈಲಾ ನಡೆಸುವುದು.

"ಹಿಲ್ಕಕ್ಕ, ಕೂತವ್ರು ನಾಯಿ ಜತೆ ಮಾತಾಡೋ ಹಾಗಿಲ್ಲ, ಗೊತ್ತಲ್ಲ?"

"ನಂಗೇ ಪಾಠ ಹೇಳ್ತೀಯೇನೇ?"

"ನೀವೇ ಹೇಳ್ಕೊಟ್ಟಿದ್ದು. ಒಂದು ಬಂಡಿಗೆ ಒಂದೇ ಬಾಯಿ."

ಬಂಡಿಯಲ್ಲಿ ಹಿಲ್ಕಾ ಇದ್ದುದರಿಂದ ನಾಯಿಗಳು ಗೇಟು ದಾಟಿದವು. ಸರೋವರದ ಬಳಿ ದಾರಿ ಕವಲೊಡೆಯುವಲ್ಲಿ ಸೈಲಾ "ಎಡಕ್ಕೆ!" ಎಂದಳು. ಪಿಲ್ವಿ ನಿಂತಿತು. ಹಿಂತಿರುಗಿ ನೋಡಿತು, ಸೈಲಾಳನ್ನಲ್ಲ, ಹಿಲ್ಕಾರನ್ನು. ಇಷ್ಟು ವರ್ಷ ಆ ಕಣ್ಣಿಗೆ ಅವರು ಉತ್ತರ ಕೊಡದೆ ಇದ್ದದ್ದಿಲ್ಲ. ಒಂದೇ ಮಾತು ಆಡಿದ್ದರೆ ನಾಯಿ ಹೊರಡುತ್ತಿತ್ತು. ಮತ್ತೆಂದೂ ಬೇರೆಯವರ ಮಾತು ಕೇಳುತ್ತಿರಲಿಲ್ಲ. ಹಿಲ್ಕಾ ಶಾಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಹೊದ್ದಿದ್ದ ಸಾರಂಗದ ಚರ್ಮದೊಳಗೆ ಮುಖ ಹುದುಗಿಸಿಕೊಂಡರು.

"ಪಿಲ್ವೀ, ಎಡಕ್ಕೆ ನಡಿಯೇ, ಬಂಗಾರಿ" ಎಂದಳು ಸೈಲಾ, ಮೆಲ್ಲಗೆ.

ಹಗ್ಗ ಬಿಗಿಯಿತು. ಬಂಡಿ ಎಡಕ್ಕೆ ಹೊರಳಿತು. ಆಮೇಲೆ ದಾರಿಯುದ್ದಕ್ಕೂ ಪಿಲ್ವಿ ಒಮ್ಮೆಯೂ ಹಿಂದೆ ನೋಡಲಿಲ್ಲ. ಹಿಲ್ಕಾ ದಾರಿಯುದ್ದಕ್ಕೂ ಅತ್ತರು.

ಈಗ ಅವರು ಮರಿಗಳನ್ನು ಪಳಗಿಸುವ ಕೆಲಸ ಹಿಡಿದಿದ್ದಾರೆ. ಮೊನ್ನೆ ತಮ್ಮ ಕಾಲಿಗೆ ಸುತ್ತಿಕೊಂಡ ಮರಿಯೊಂದನ್ನು ಎತ್ತಿ ಸೈಲಾಳ ಮಡಿಲಿಗೆ ಹಾಕಿ, "ಇವಳ ದನಿ ಮೊದ್ಲು ಕಲಿಯೋ, ಕಳ್ಳಾ" ಎಂದರು. ಹಿಲ್ಕಾ ನೂರ್ಕಾಲ ಬಾಳಲಿ, ಅವರ ಅಂಗಳ ಮರಿಗಳಿಂದ ಎಂದೂ ಬರಿದಾಗದಿರಲಿ. ಪಿಲ್ವಿ ಎಳೆಯುವ ಬಂಡಿಯಲ್ಲಿ, ತುಟಿಪಿಟಕ್ಕೆನ್ನದೆ ಕೂರುವ ಷರತ್ತಿನ ಮೇಲೆ, ಅವರಿಗೊಂದು ಜಾಗ ಸದಾ ಇರಲಿ.