ಮಿಡಿ ಮರ ಉಳಿಸಲು ಬರೆದ ಬ್ಲಾಗು

ನಾಲ್ಕು ಜನ ಓದುವಂತೆ ಬ್ಲಾಗು ಬರೆಯಲು ಕಲಿತದ್ದಕ್ಕೆ ನಾನು ತೆತ್ತ ಬೆಲೆ ಒಂದು ಮಾವಿನ ಮರದ ವಂಶ. ಹಣವಾಗಿದ್ದರೆ ಚೌಕಾಸಿ ಮಾಡಿ ಇಳಿಸುತ್ತಿದ್ದೆ, ಜೀವಮಾನವಿಡೀ ಮಾಡಿದ್ದೇ ಅದು. ಮರ ಹೇಗಿದ್ದರೂ ಬೀಳುವುದಿತ್ತು. ತಳಿಯನ್ನಾದರೂ ಉಳಿಸಿಕೊಳ್ಳಬಹುದಿತ್ತು. ನನ್ನ ಬರಹ ಓದಲು ಕೂತವರು ಎರಡನೇ ಪ್ಯಾರಾದಲ್ಲೇ ಎದ್ದು ಹೋದದ್ದರಿಂದ ಅದೂ ಕೈತಪ್ಪಿತು.

ಸಾಗರದಲ್ಲಿ ನನ್ನದು ಅಪ್ಪೆಮಿಡಿ ವ್ಯಾಪಾರ. ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಬೇರೆಯವರ ಮಿಡಿ ಚೀಲ ಹೊತ್ತು, ಆಮೇಲೆ ನನ್ನದೇ ಅಂಗಡಿ ಹಾಕಿದವನು ನಾನು. ಹೊರ ಊರಿನ ಗಿರಾಕಿಗಳಿಗೆ ಅನುಕೂಲವಾಗಲಿ ಎಂದು ಒಂದು ಬ್ಲಾಗನ್ನೂ ತೆರೆದಿದ್ದೆ. ಯಾವ ಹೊಳೆದಂಡೆಯ ಮಿಡಿ ಬಂದಿದೆ, ಹೇಗೆ ಉಪ್ಪಿಗೆ ಹಾಕಬೇಕು, ಇಷ್ಟೇ ಅದರಲ್ಲಿ ಇರುತ್ತಿದ್ದದ್ದು.

ನಿಟ್ಟೂರಿನ ಆಚೆ ಒಂದು ಹಳ್ಳದ ದಂಡೆಯಲ್ಲಿ ಆ ಮರವಿತ್ತು. ಅದರ ಮಿಡಿಯ ತೊಟ್ಟು ಮುರಿದರೆ ಚಿಮ್ಮುವ ಸೊನೆಗೆ ಜೀರಿಗೆಯ ಪರಿಮಳ, ಅದರ ಬೆನ್ನಿಗೇ ಕರ್ಪೂರದಂಥ ತಣ್ಣನೆಯ ಘಾಟು. ಬೇರೆ ಯಾವ ಮರದಲ್ಲೂ ಅದನ್ನು ನಾನು ಕಂಡಿಲ್ಲ. ಕಾಡುಮಾವು ಬೀಜದಿಂದ ಹುಟ್ಟಿದರೆ ತಾಯಿಯ ಗುಣ ಬರುತ್ತದೆಂಬ ಭರವಸೆಯಿಲ್ಲ. ಅದೇ ಪರಿಮಳ ಬೇಕೆಂದರೆ ಆ ಮರದ ಕಡ್ಡಿಯನ್ನೇ ತಂದು ಕಸಿ ಕಟ್ಟಬೇಕು.

ಮರದ ಬುಡ ಟೊಳ್ಳಾಗಿತ್ತು. ಅದು ವಾಲಿದ್ದು, ವರ್ಷವೂ ನನಗೆ ಮಿಡಿ ಮಾರುತ್ತಿದ್ದ ಮರದೊಡತಿಯ ಕೊಟ್ಟಿಗೆಯ ಕಡೆಗೆ. ಆ ವರ್ಷದ ಕೊಯ್ಲು ಮುಗಿಸಿ ಹೊರಟಾಗ ಆಕೆ ಹೇಳಿದರು:

“ಇದೇ ಕೊನೆ ಮಾರಾಯಾ. ಮಳೆಗೆ ಮುಂಚೆ ಕಡಿಸ್ತೀನಿ.”

“ಎಂತ ಅಕ್ಕಾ ಇದು, ಇಷ್ಟು ವರ್ಷ ನಿಂತಿದ್ದು ಇನ್ನೊಂದು ಮಳೆಗಾಲ ನಿಲ್ಲಲ್ವಾ?”

“ನಿಂತ್ರೆ ನಿನಗೆ ಮಿಡಿ, ಬಿದ್ರೆ ನನ್ನ ದನದ ಮೇಲೆ. ನಿನ್ನನ್ನ ಕೊಟ್ಟಿಗೇಲಿ ಕಟ್ಟಿ ಹಾಕ್ಲಾ, ಆಗ ಹೇಳು ನಿಲ್ತದೋ ಇಲ್ವೋ ಅಂತ.”

ಆದರೂ ಎಳೆದಾಡಿ, ಮೇ ತಿಂಗಳ ಕೊನೆಯವರೆಗೆ ಕೊಡಲಿ ಹಾಕುವುದಿಲ್ಲ ಎಂದು ಒಪ್ಪಿಸಿದೆ. ಕಡ್ಡಿ ಬೇಕಾದವರು ಬಂದು ಕುಯ್ದುಕೊಳ್ಳಲಿ ಎಂದೂ ಅವರೇ ಹೇಳಿದರು. ಹಿಂದೆ ಎರಡು ಸಲ ನಾನೇ ಕಸಿ ಕಟ್ಟಿಸಿ ನೋಡಿದ್ದೆ, ಎರಡು ಸಲವೂ ಒಣಗಿತ್ತು. ಮುದಿ ಮರದ ಕಡ್ಡಿ ಸುಲಭಕ್ಕೆ ಹಿಡಿಯುವುದಿಲ್ಲ. ಹತ್ತಾರು ಊರಿನಲ್ಲಿ ಹತ್ತಾರು ಕೈ ಪ್ರಯತ್ನಿಸಿದರೆ ಎಲ್ಲೋ ಒಂದು ಚಿಗುರಬಹುದು. ಮೊಗ್ಗು ಉಬ್ಬಿ ಇನ್ನೂ ಒಡೆಯದ ಕಡ್ಡಿ ಬೇಕು, ಮರ ಆಗ ಸರಿಯಾಗಿ ಆ ಹದದಲ್ಲಿತ್ತು. ಆ ಕೈಗಳನ್ನು ಕರೆಯಲು ನನಗಿದ್ದ ದಾರಿ ಬ್ಲಾಗೊಂದೇ.

ಬರೆದೆ. ಮಾವು ನಮ್ಮ ಸಂಸ್ಕೃತಿಯಲ್ಲಿ ಪಡೆದ ಸ್ಥಾನದಿಂದ ಶುರುಮಾಡಿದೆ. ಅಲ್ಲಿಂದ ಅಪ್ಪೆಮಿಡಿಯ ಬಗೆಗಳು, ಹೊಳೆದಂಡೆಯ ಮಣ್ಣು, ಹಿರಿಯರ ಜ್ಞಾನ. ಶಾಲೆ ಬಿಟ್ಟವನು ಎಂದು ಯಾರೂ ನಗಬಾರದಲ್ಲ, ಅದಕ್ಕೆ ಪ್ರತಿ ವಾಕ್ಯಕ್ಕೂ ಇಸ್ತ್ರಿ ಹಾಕಿದ ಅಂಗಿ ತೊಡಿಸಿದೆ. ಮರದ ಫೋಟೋ ಬದಲು ಸನ್ಮಾನದಲ್ಲಿ ಶಾಲು ಹೊದ್ದ ನನ್ನ ಫೋಟೋ ಹಾಕಿದೆ. ಕಟ್ಟಕಡೆಗೆ ಮರ ಕಡಿಯುವ, ಕಡ್ಡಿ ಸಿಗುವ ಸಂಗತಿ ಒಂದು ಸಾಲು, ಅದರ ಬೆನ್ನಿಗೆ “ಆಸಕ್ತರು ಸಂಪರ್ಕಿಸಬಹುದು.”

ಯಾರೂ ಸಂಪರ್ಕಿಸಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಫೋನು ರಿಂಗಾದಾಗಲೆಲ್ಲ ತಕ್ಕಡಿ ಬಿಟ್ಟು ಓಡುತ್ತಿದ್ದೆ. ಎತ್ತಿದರೆ, “ಮಿಡಿ ರೇಟ್ ಎಷ್ಟು?” ಬ್ಲಾಗಿನ ಕೆಳಗೆ ಬಿದ್ದದ್ದು ಒಂದೇ ಕಮೆಂಟು: “ಉತ್ತಮ ಮಾಹಿತಿ.” ಉತ್ತಮ ಮಾಹಿತಿ ಎಂದವನು ಓದಿರಲಿಲ್ಲ. ಓದಿದ್ದರೆ, ಮರ ಯಾವತ್ತು ಕಡೀತಾರೆ ಎಂದು ಕೇಳುತ್ತಿದ್ದ. ಮರ ನೋಡಲು ಹೋದರೆ ಕಡ್ಡಿಗಳ ತುದಿಯಲ್ಲಿ ಮೊಗ್ಗು ಒಡೆಯತೊಡಗಿತ್ತು. ಅಂಗಡಿಯಲ್ಲಿ ಗಿರಾಕಿಗಳು ಹೇಳಿದ ರೇಟಿಗೇ ಕೊಟ್ಟು ಕಳಿಸುತ್ತಿದ್ದೆ. ನನ್ನನ್ನು ಬಲ್ಲವರಿಗೆ ಗೊತ್ತು, ಅದು ಎಂಥ ಕಾಯಿಲೆ ಎಂದು.

ಕೊನೆಗೆ ಹೆಂಡತಿಯ ಮುಂದೆ ಕೂತು ಆ ಬರಹವನ್ನು ಗಟ್ಟಿಯಾಗಿ ಓದಿದೆ. ಅವಳು ಉಪ್ಪುನೀರಿನಿಂದ ಮಿಡಿ ತೆಗೆದು ಮೆತ್ತಗಾದದ್ದನ್ನು ಬೇರೆ ಮಾಡುತ್ತಾ “ಹೂಂ, ಹೂಂ” ಅನ್ನುತ್ತಿದ್ದಳು. ಸ್ವಲ್ಪದರಲ್ಲೇ ಹೂಂ ನಿಂತಿತು.

“ಯಾಕೆ ಸುಮ್ಮನಾದೆ?”

“ವಿಷಯ ಯಾವಾಗ ಬರ್ತದೆ ಅಂತ ಕಾಯ್ತಾ ಇದೀನಿ. ಅಷ್ಟ್ರಲ್ಲಿ ಅನ್ನ ಮಾಡ್ಕಂಡು ಬರ್ಲಾ?”

“ಕೊನೇಲಿ ಇದೆ ಕಣೇ. ತಡಿ.”

“ಕೊನೇಲಾ! ಅಲ್ರೀ, ಮರದವ್ರ ಹತ್ರ ವ್ಯಾಪಾರ ಮಾಡ್ದಂಗೇ ಓದೋರ ಹತ್ರಾನೂ ಮಾಡಿದೀರಲ್ಲ. ಬೇಕಾಗಿದ್ದನ್ನ ಬಚ್ಚಿಟ್ಕಂಡು ಊರ ಸುದ್ದಿ ಎಲ್ಲಾ ಹೇಳಿದ್ರೆ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು, ನಿಮ್ಗೆ ಇಲ್ಲಿ ಜೀವ ಹೋಗ್ತಾ ಇದೆ ಅಂತ?”

ಕೆನ್ನೆಗೆ ಹೊಡೆದಂತಾಯಿತು. ಮಿಡಿ ಮರದ ವ್ಯಾಪಾರದಲ್ಲಿ ಮೊದಲ ಪಾಠವೇ ಅದು: ಬೇಕು ಎನ್ನುವುದನ್ನು ಮುಖದಲ್ಲಿ ತೋರಿಸಬೇಡ. ಅಂಗಳದಲ್ಲಿ ಕೂತು ಅಡಿಕೆ ರೇಟು ಮಾತಾಡು, ದನದ ಬಗ್ಗೆ ಕೇಳು, ಕಾಫಿ ಕುಡಿ. ಚಪ್ಪಲಿ ಮೆಟ್ಟಿ ಹೊರಡುವಾಗ, ನೆನಪಾದವನಂತೆ, “ಹೌದೂ, ಆ ಮರದ್ದು ಎಂತ ಮಾಡ್ತೀರಿ?” ಎನ್ನು. ಆ ಚಾಳಿಯಿಂದಲೇ ನಾನು ಹೊಟ್ಟೆ ಹೊರೆದದ್ದು. ಅಂಗಳದಲ್ಲಿ ಎದುರಿಗಿರುವವನು ಕಾಫಿ ಮುಗಿಯುವ ತನಕ ಏಳುವುದಿಲ್ಲ. ಓದುವವನಿಗೆ ಕಾಫಿಯ ಹಂಗಿಲ್ಲ, ಬೆರಳು ಸರಿಸಿದರೆ ಮುಗಿಯಿತು.

ಅಲ್ಲೇ ಕೂತು ಹೊಸದಾಗಿ ಬರೆದೆ. “ಈ ತಿಂಗಳ ಕೊನೆಗೆ ಈ ಮರ ಕಡಿಯುತ್ತಾರೆ. ಕಸಿ ಕಟ್ಟಲು ಬರುವವರು ನಾಳೆಯೇ ಬನ್ನಿ. ಕಡ್ಡಿಗೆ ದುಡ್ಡು ಬೇಡ.” ಅದರ ಕೆಳಗೇ ಫೋನ್ ನಂಬರು, ಬಸ್ಸು ಇಳಿಯುವ ಜಾಗ. ಸೊನೆ ಜಿನುಗುವ ತೊಟ್ಟಿನ ಫೋಟೋ. ಆಮೇಲೆ ಜೀರಿಗೆ, ಕರ್ಪೂರ. ಕೊನೆಯಲ್ಲಿ ಒಂದು ಪ್ರಶ್ನೆ: “ನಿಮ್ಮೂರಲ್ಲಿ ಹೀಗೆ ಕಳೆದುಹೋದ ಮಿಡಿ ಯಾವುದು?” ಸಂಜೆಯೊಳಗೆ ಕಮೆಂಟುಗಳು ಬೀಳತೊಡಗಿದವು. ಜನ ತಮ್ಮ ತಮ್ಮ ಮರಗಳನ್ನು ನೆನೆದು ಬರೆದರು. ತೀರ್ಥಹಳ್ಳಿ ಕಡೆಯಿಂದ, ಹೊಸನಗರದಿಂದ ಫೋನು ಬಂತು. ಅರಳಸುರಳಿಯ ಒಬ್ಬರಂತೂ ಬೈದೇಬಿಟ್ಟರು:

“ಎಂಥದು ಮಾರಾಯ್ರೆ, ಇದನ್ನ ಮೊದ್ಲೇ ಬರೀಲಿಕ್ಕೆ ನಿಮ್ಗೆ ಏನು ರೋಗ?”

“ಬರ್ದಿದ್ದೆ ಸ್ವಾಮಿ.”

“ಶಾಲು ಹೊದ್ದಿದ್ದು ನೋಡಿ ನಿಮ್ಗೇ ಏನೋ ಪ್ರಶಸ್ತಿ ಬಂದಿದೆ ಅಂದ್ಕಂಡು ಮುಂದೆ ಹೋದೆ!”

ಮಾರನೇ ಬೆಳಿಗ್ಗೆ ಫೋನು ಮಾಡಿದವರೂ ನಾನೂ ತಲುಪುವ ಮೊದಲೇ ಮರ ನೆಲದಲ್ಲಿತ್ತು. ಹಿಂದಿನ ಸಂಜೆಯ ಗಾಳಿಗೆ ಒಂದು ಕೊಂಬೆ ಕೊಟ್ಟಿಗೆಯ ಹೆಂಚಿನ ಮೇಲೆ ಮುರಿದು ಬಿದ್ದು, ಒಡತಿ ಬೆಳಗಾಗುತ್ತಲೇ ಆಳು ಕರೆಸಿದ್ದರು. “ಮಾತಿಗೆ ತಪ್ಪಿದೆ, ಬೇಜಾರು ಮಾಡ್ಕಬೇಡ” ಎಂದರು. ಅವರದೇನು ತಪ್ಪು? ಬಿದ್ದ ಕೊಂಬೆಗಳ ನಡುವೆ ನಾವೆಲ್ಲ ಬಗ್ಗಿ ಬಗ್ಗಿ ಕಡ್ಡಿ ಹುಡುಕಿದೆವು. ಬಹುಪಾಲು ಮೊಗ್ಗು ಒಡೆದು ಎಳೆ ಎಲೆಯಾಗಿತ್ತು. ಹದ ದಾಟಿತ್ತು. ಆದರೂ ಸಿಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಂದವರ ಕೈಗೆ ಕೊಟ್ಟು ಕಳಿಸಿದೆ. ನಂತರದ ದಿನಗಳಲ್ಲಿ ಒಬ್ಬೊಬ್ಬರದೇ ಮೆಸೇಜು ಬಂತು: ಒಣಗಿತು, ಕಪ್ಪಾಯಿತು, ಕೊಳೆಯಿತು. ಅರಳಸುರಳಿಯಲ್ಲಿ ಒಂದು ಕಡ್ಡಿ ಮಾತ್ರ ಇನ್ನೂ ಹಸಿರಾಗಿದೆಯಂತೆ, ಚಿಗುರಿಲ್ಲ. ಹಾಗೆ ಹಸಿರಾಗಿದ್ದೇ ಸತ್ತುಹೋದ ಕಡ್ಡಿಗಳನ್ನು ಬಹಳ ಕಂಡವನು ನಾನು. ಆಸೆ ಇಟ್ಟುಕೊಳ್ಳಲು ಹೆದರಿಕೆ.

ನೀವು ಬ್ಲಾಗು ಬರೆಯುವವರಾದರೆ ನನ್ನ ಮಾತು ಕೇಳಿ. ಬಸ್ಸು ಹತ್ತುತ್ತಿರುವವನಿಗೆ ಬೇಲಿಯಾಚೆಯಿಂದ ಕೂಗಿ ಏನು ಹೇಳುತ್ತೀರೋ, ಅದೇ ನಿಮ್ಮ ಮೊದಲ ಸಾಲಾಗಲಿ. ಒಂದು ಬರಹದಲ್ಲಿ ಒಂದನ್ನೇ ಕೇಳಿ. ಪ್ಯಾರಾ ಗಿಡ್ಡವಾಗಿರಲಿ, ಓದುವವರು ಕುಲುಕುವ ಬಸ್ಸಿನಲ್ಲಿ ಫೋನು ಹಿಡಿದಿರುತ್ತಾರೆ. ನಿಮ್ಮ ಮುಖದ ಫೋಟೋ ಬೇಡ, ವಿಷಯದ್ದು ಹಾಕಿ. ಮೂಗಿಗೋ ನಾಲಿಗೆಗೋ ತಟ್ಟುವ ಒಂದು ಮಾತು ಸೇರಿಸಿ. ಕಮೆಂಟು ಬರೆದವರಿಗೆ ಅದೇ ದಿನ ಉತ್ತರ ಕೊಡಿ, ಬಾಗಿಲಿಗೆ ಬಂದವರನ್ನು ನಿಲ್ಲಿಸಿಕೊಂಡಿರಬಾರದು. ಹಾಕುವ ಮೊದಲು ಮನೆಯಲ್ಲಿ ಕೆಲಸ ಮಾಡುತ್ತಿರುವ ಯಾರಿಗಾದರೂ ಓದಿ ಹೇಳಿ. ಅವರ ಹೂಂಗುಟ್ಟುವಿಕೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ವಿಷಯ ಬರುವ ತನಕ ಇರುವುದನ್ನು ಹೊಡೆದುಹಾಕಿ. ಇವತ್ತೇ ನಿಮ್ಮ ಹಳೆಯದೊಂದು ಬರಹ ತೆಗೆಯಿರಿ, ಕೊನೆಯ ಪ್ಯಾರಾವನ್ನು ತಂದು ಮೊದಲಿಗಿಟ್ಟು ಓದಿ ನೋಡಿ. ನಾಳೆ ಮಾಡೋಣ ಎನ್ನಬೇಡಿ.