ಕೆಂಪು ಫೋನಿನ ಅಪ್ಪ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ವಯಸ್ಸಾದ ಮೇಲೆ ಸ್ವಲ್ಪ ಇಳಿದಿದೆ ಎಂದು ಮನೆಯವರು ಹೇಳುತ್ತಾರೆ, ನನಗೇನೂ ಹಾಗೆ ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಗ ಬರೆಯುತ್ತಿರುವುದರಲ್ಲಿ ತಪ್ಪು ಪೂರ್ತಿ ನನ್ನದು, ಅದನ್ನು ಹಂಚಿಕೊಳ್ಳಲು ಬೇರೆ ಯಾರೂ ಇಲ್ಲ.

ಮಗಳಿಗೆ ಎಂಟು ತಿಂಗಳಾಗಿದ್ದಾಗ ನನ್ನ ಗಂಡ ಮಸ್ಕತ್ತಿಗೆ ಹೋದರು. ಅಲ್ಲಿ ಕಟ್ಟಡ ಕಟ್ಟುವ ಕಂಪೆನಿಯೊಂದರ ಸ್ಟೋರಿನಲ್ಲಿ ಕೆಲಸ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಕಾಪುವಿನಲ್ಲಿ ನಮ್ಮ ಓಣಿಯ ಎರಡು ಮನೆಗೊಬ್ಬರಂತೆ ಗಂಡಸರು ಹೊರಟು ಹೋಗಿದ್ದರು. ಮನೆಯಲ್ಲಿ ಉಳಿದವರು ಅತ್ತೆ, ನಾನು, ಮಗು. ಹಿತ್ತಲಿನಲ್ಲಿ ಮಲ್ಲಿಗೆ ಗಿಡಗಳಿದ್ದವು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಶಂಕರಪುರಕ್ಕೆ ಹೂ ಒಯ್ಯುವವರ ಕೈಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು. ತಡವಾದರೆ ಆ ದಿನದ ಹೂ ನಮ್ಮ ತಲೆಗೇ ಮುಡಿಯುವುದು. ಹಾಗಾಗಿ ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಮಾತಾಡಲೂ ಯಾರಿಗೂ ಪುರುಸೊತ್ತು ಇರುತ್ತಿರಲಿಲ್ಲ.

ಮಗಳು ಜಗಲಿಯ ಮೂಲೆಯಲ್ಲಿ ತನ್ನದೇ ಅಡುಗೆ ಮಾಡುತ್ತಿದ್ದಳು. ಎರಡು ತೆಂಗಿನ ಗೆರಟೆ, ಒಂದು ಮುರಿದ ಸೌಟು, ಮತ್ತೆ ಕಾರ್ಕಳದಿಂದ ನನ್ನ ಅಪ್ಪ ಬಂದಾಗ ಉಡುಪಿಯ ರಥಬೀದಿಯಲ್ಲಿ ಕೊಂಡು ತಂದ ಮರದ ಆಟದ ಸಾಮಾನು: ಬೆರಳುದ್ದದ ಒಲೆ, ಒರಳು, ಬೀಸುಕಲ್ಲು. ದಾಸವಾಳದ ಎಸಳು ಅರೆದು ಸಾರು, ಮರಳಿನದ್ದು ಅನ್ನ. ಬಡಿಸುವಾಗ ನಾಲ್ಕು ಎಲೆ ಹಾಕುತ್ತಿದ್ದಳು. ಅಜ್ಜಿಗೆ, ಅಮ್ಮನಿಗೆ, ತನಗೆ, ಅಪ್ಪನಿಗೆ. ಅಪ್ಪ ಎಂದರೆ ಗೋಡೆಯ ಮೇಲಿನ ಫೋಟೋ ಎಂದಷ್ಟೇ ಅವಳಿಗೆ ಗೊತ್ತು. ಆದರೂ ಅವರ ಎಲೆಗೆ ಒಂದು ಎಸಳು ಹೆಚ್ಚೇ ಬೀಳುತ್ತಿತ್ತು.

ಅವಳಿಗೆ ಎರಡೂವರೆ ತುಂಬಿದಾಗ, ರಜೆಯಲ್ಲಿ ಬಂದ ಪಡುಬಿದ್ರಿಯವರೊಬ್ಬರ ಕೈಯಲ್ಲಿ ನನ್ನ ಗಂಡ ಒಂದು ಕಟ್ಟು ಕಳಿಸಿದರು. ನನಗೊಂದು ನೈಲಾನ್ ಸೀರೆ, ಅತ್ತೆಗೆ ಸಾಬೂನು, ಮಗುವಿಗೆ ಒಂದು ಆಟದ ಫೋನು. ಕೆಂಪು ಬಣ್ಣ, ಬಿಳಿ ಡಯಲ್. ತಿರುಗಿಸಿದರೆ ಒಳಗೆ ಟ್ರಿಣ್ ಎನ್ನುತ್ತಿತ್ತು. ನಿಜವಾದ ಫೋನು ಆಗ ನಮ್ಮ ಸುತ್ತಮುತ್ತ ಇದ್ದದ್ದು ಪೋಸ್ಟಾಫೀಸಿನಲ್ಲಿ, ಮತ್ತೆ ಒಂದೆರಡು ಅಂಗಡಿಗಳಲ್ಲಿ. ನಮಗೆ ಬರುತ್ತಿದ್ದದ್ದು ಕಾಗದ ಮಾತ್ರ, ಅದೂ ಹದಿನೈದು ದಿನ ಹಳೆಯದು.

ಮೊದಲ ದಿನ ಆಟಕ್ಕೆಂದೇ ಮಾಡಿದೆ. ಬಾಗಿಲ ಹಿಂದೆ ಕುಳಿತು ಸ್ವರ ದಪ್ಪ ಮಾಡಿ, "ಹಲೋ ಮಗಾ, ನಾನು ಅಪ್ಪ" ಎಂದೆ. ಹಾಗೆ ಹೇಳುವಾಗ ಅವರ ಸ್ವರ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲೇ ಇಲ್ಲ. ಮದುವೆಯಾಗಿ ನಾವು ಒಟ್ಟಿಗಿದ್ದದ್ದೇ ಒಂದೂವರೆ ವರ್ಷ. ಕೊನೆಗೆ ನನ್ನ ಬಾಯಿಂದ ಹೊರಟದ್ದು ನಾನು ಕಾರ್ಕಳದಲ್ಲಿ ಕಲಿಯುವಾಗ ಇದ್ದ ಹೆಡ್‌ಮಾಸ್ಟರರ ಸ್ವರ. ಮಗಳ ಕಣ್ಣು ಇಷ್ಟಗಲ ಆಯಿತು. ಬಾಗಿಲ ಹಿಂದೆ ಅಮ್ಮ ಇದ್ದಾಳೆ ಎಂದು ಗೊತ್ತಿದ್ದೂ ಗೊತ್ತಿಲ್ಲದ ಪ್ರಾಯ ಅದು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.

ಒಂದು ಬೆಳಿಗ್ಗೆ ಕೈಯಲ್ಲಿ ಅರ್ಧ ಕಟ್ಟಿದ ಹೂ ಇತ್ತು, ಇವಳು ಗಂಜಿ ಬೇಡ ಎಂದು ಬಟ್ಟಲು ದೂಡಿದಳು. ಹೊಡೆಯಲು ಕೈಗೆ ಬಿಡುವಿರಲಿಲ್ಲ. ಕೆಂಪು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ನಾರು ಎಳೆಯುತ್ತಲೇ, "ಹಲೋ, ನೋಡಿ, ನಿಮ್ಮ ಮಗಳು ಊಟ ಮಾಡುವುದಿಲ್ಲ" ಎಂದೆ. ಆಮೇಲೆ ಮುಖ ತಿರುಗಿಸಿ ಆ ದಪ್ಪ ಸ್ವರದಲ್ಲಿ, "ಎಂತ? ಊಟ ಮಾಡುವುದಿಲ್ವಾ? ನಾನು ಬಂದರೆ ಬೆನ್ನು ಹುಡಿ ಮಾಡ್ತೇನೆ!" ಎಂದೆ. ಬಟ್ಟಲು ಎರಡೇ ನಿಮಿಷದಲ್ಲಿ ಖಾಲಿ! ಅಬ್ಬ, ಎಷ್ಟು ಸುಲಭ ಎನಿಸಿತು ನನಗೆ.

ಅಲ್ಲಿಂದ ಎಲ್ಲದಕ್ಕೂ ಅದೇ ಆಯಿತು. ತಲೆ ಬಾಚಲು, ಎಣ್ಣೆ ಹಚ್ಚಲು, ಕಡಲಿನ ಕಡೆ ಓಡದ ಹಾಗೆ ಮಾಡಲು. ಕಾರ್ಕಳದ ತವರಿಗೆ ಹೋಗುವಾಗಲೂ ಆ ಫೋನು ಚೀಲದಲ್ಲಿ ಬರುತ್ತಿತ್ತು. ಒಮ್ಮೆ ಅವಳು ಕಾಲು ಚಾಚಿ ಕುಳಿತು "ಹಲೋ ಅಪ್ಪ" ಎಂದಾಗ ನಾನು ಗದರಿದ್ದು ನನಗೆ ಸರಿಯಾಗಿ ನೆನಪಿದೆ: "ಅಪ್ಪನ ಹತ್ತಿರ ಕೂತುಕೊಂಡು ಮಾತಾಡುವುದಾ? ಎದ್ದು ನಿಲ್ಲು. ಕೈ ಕಟ್ಟು." ಅವತ್ತಿನಿಂದ ಫೋನು ಟ್ರಿಣ್ ಎಂದರೆ ಸಾಕು, ಎದ್ದು ನಿಂತು ಕೈ ಕಟ್ಟುತ್ತಿದ್ದಳು. ನೆರೆಮನೆಯವರೆಲ್ಲ ನೋಡಿ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ.

ಅತ್ತೆ ಮಾತ್ರ ನಗಲಿಲ್ಲ. "ನನ್ನ ಮಗನನ್ನು ಗುಮ್ಮ ಮಾಡಬೇಡ ಮಾರಾಯ್ತಿ. ಅವನು ಪಾಪದವ, ಮೆತ್ತಗಿನವ" ಎಂದರು. "ಹಾಗಾದರೆ ನೀವೇ ಊಟ ಮಾಡಿಸಿ" ಎಂದು ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಜಗಲಿಯ ಆಟದಲ್ಲಿ ನಾಲ್ಕು ಎಲೆ ಯಾವಾಗ ಮೂರಾಯಿತು ಎಂದು ನಾನು ಗಮನಿಸಲೂ ಇಲ್ಲ.

ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಅವರಿಗೆ ನಲವತ್ತೈದು ದಿನ ರಜೆ ಸಿಕ್ಕಿತು. ಬೊಂಬಾಯಿಯಲ್ಲಿ ಇಳಿದು, ಉಡುಪಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಮನೆಗೆ. ಅವರು ಬರುವ ಹಿಂದಿನ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಆ ಫೋನನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದು. ಏಕೆಂದು ಒಳಗೊಳಗೆ ಗೊತ್ತಿತ್ತು, ಅಷ್ಟೆ.

ಅವರು ಅಂಗಳಕ್ಕೆ ಬಂದವರೇ ಪೆಟ್ಟಿಗೆ ಇಳಿಸದೆ, ಕುಕ್ಕರುಗಾಲಿನಲ್ಲಿ ಕುಳಿತು ಎರಡೂ ಕೈ ಚಾಚಿದರು. ಮೂರು ವರ್ಷ ದಾಟಿತ್ತಲ್ಲ, ಆ ಮುಖ ನಾನು ಹೇಗೆ ಮರೆಯಲಿ? ಮಗಳು ಮೆಟ್ಟಿಲ ಮೇಲೆ ನೆಟ್ಟಗೆ ನಿಂತು ಕೈ ಕಟ್ಟಿ, "ಊಟ ಮಾಡಿದ್ದೇನೆ. ಹಟ ಮಾಡ್ಲಿಲ್ಲ" ಎಂದಳು.

"ಎಷ್ಟು ಮರ್ಯಾದೆ ಕಲಿಸಿದ್ದಿ ಮಾರಾಯ್ತಿ!" ಎಂದು ಅವರು ನಕ್ಕರು. ಪಾಪ, ಮೊದಲ ದಿನ ಅದು ಅವರಿಗೆ ಖುಷಿಯೇ ಆಗಿತ್ತು.

ಆಮೇಲೆ ಖುಷಿ ಇಳಿಯಿತು. ಅವರು ಒಳಗೆ ಬಂದರೆ ಇವಳು ಹೊರಗೆ. ಹಾಕಿದ್ದನ್ನೆಲ್ಲ ಒಂದು ಅಗುಳೂ ಬಿಡದೆ ತಿನ್ನುತ್ತಿದ್ದಳು, ಹೇಳದೆಯೇ ತಲೆ ಬಾಚಿಸಿಕೊಳ್ಳುತ್ತಿದ್ದಳು. ಅವರು ತಂದ ಕಣ್ಣು ಮುಚ್ಚಿ ತೆರೆಯುವ ಗೊಂಬೆ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಜಗಲಿಯ ಅಡುಗೆ ನಿಂತಿತು. ಯಾವಾಗಲೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಅವರು ದಿನ ಎಣಿಸುತ್ತಿದ್ದರು. "ಒಂದು ಸಲ ತೊಡೆ ಮೇಲೆ ಬಂದು ಕೂತರೆ ಸಾಕಿತ್ತು. ಅದೊಂದು ಇಟ್ಟುಕೊಂಡು ಅಲ್ಲಿ ಮತ್ತೆ ಎರಡು ವರ್ಷ ತೆಗೀತಿದ್ದೆ" ಎಂದು ನನ್ನ ಹತ್ತಿರ ಹೇಳಿದರು. "ಆ ಫೋನಾದರೂ ತೆಗಿ, ಒಟ್ಟಿಗೆ ಆಡ್ತೇನೆ" ಎಂದೂ ಕೇಳಿದರು. "ಅದು ಹಾಳಾಯ್ತು" ಎಂದೆ. ಇಂಥ ಸುಳ್ಳು ಹೇಳಿದ ನಾಲಿಗೆಗೆ ಏನು ಮಾಡಬೇಕು!

ಹನ್ನೆರಡನೆಯ ದಿನ ಅವರು ಹಟ ಹಿಡಿದರು, ಮಗುವಿಗೆ ಏನೋ ಸೀಕು ಉಂಟು, ಮಣಿಪಾಲದಲ್ಲಿ ತೋರಿಸೋಣ ಎಂದು. ಸೀಕು ಯಾವುದೆಂದು ಅತ್ತೆಗೂ ನನಗೂ ಗೊತ್ತಿತ್ತು. ಬಾಯಿ ಬಿಡದೆ ಬಸ್ಸು ಹತ್ತಿದೆ.

ಮಕ್ಕಳ ಡಾಕ್ಟರರು ವಯಸ್ಸಾದ ಹೆಂಗಸು. ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ತೂಕ ಹಾಕಿದರು. ಎಲ್ಲ ಸರಿ ಉಂಟು ಎಂದು ಹೇಳುತ್ತಿರುವಾಗಲೇ ಅವರ ಮೇಜಿನ ಫೋನು ಬಡಿಯಿತು. ಕರಿಯ ಬಣ್ಣದ ನಿಜವಾದ ಫೋನು. ಮಗಳು ನನ್ನ ತೊಡೆಯಿಂದ ಜಾರಿ ಇಳಿದಳು, ನೆಟ್ಟಗೆ ನಿಂತಳು, ಕೈ ಕಟ್ಟಿದಳು. "ಊಟ ಮಾಡಿದ್ದೇನೆ. ಹಟ ಮಾಡ್ಲಿಲ್ಲ. ಹಾಸಿಗೆ ಒದ್ದೆ ಮಾಡಿದ್ದು ಗೊತ್ತಾಗದೆ" ಎಂದು ಆ ಫೋನಿಗೆ ಹೇಳಿದಳು.

ಡಾಕ್ಟರರು ನಗಲು ಹೊರಟವರು ತಡೆದುಕೊಂಡರು. ಫೋನಿನಲ್ಲಿ ಏನೋ ಒಂದು ಮಾತಾಡಿ ಕೆಳಗಿಟ್ಟು, "ಯಾರ ಫೋನು ಇದು ಮಗಾ?" ಎಂದರು.

"ಅಪ್ಪನದ್ದು."

"ಅಪ್ಪ ಇಲ್ಲೇ ಕೂತಿದ್ದಾರಲ್ಲ?"

ಮಗಳು ಅವರತ್ತ ಒಮ್ಮೆ ನೋಡಿ, ಡಾಕ್ಟರರಿಗೆ ಮಾತ್ರ ಕೇಳುವ ಹಾಗೆ, "ಇವರು ಇನ್ನೂ ಬೈಲಿಲ್ಲ" ಎಂದಳು.

ಅಷ್ಟು ಸಣ್ಣ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿತು. ಡಾಕ್ಟರರು ಮದ್ದು ಬರೆಯಲಿಲ್ಲ. "ಮನೆಯಲ್ಲಿ ಫೋನು ಮಾಡುವವರು ಯಾರೋ ಅವರೇ ಸರಿ ಮಾಡಬೇಕು" ಎಂದರು, ನನ್ನನ್ನೇ ನೋಡಿ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮಣಿಪಾಲದಿಂದ ಉಡುಪಿ, ಉಡುಪಿಯಿಂದ ಕಾಪು. ಗಂಡ ಮನೆಗೆ ಬಂದು ಅಂಗಿ ಕಳಚುವ ಮೊದಲೇ, "ಫೋನು ತೆಗಿ" ಎಂದರು. ಅಟ್ಟ ಹತ್ತಿ ತಂದು ಅವರ ಮುಂದಿಟ್ಟೆ.

"ನನ್ನ ಬಾಯಿಯಿಂದ ಎಂತೆಂತ ಹೇಳಿಸಿದ್ದಿ?"

ಒಂದೊಂದಾಗಿ ಹೇಳಿದೆ. ಬೆನ್ನು ಹುಡಿ ಮಾಡುತ್ತೇನೆ ಎಂದದ್ದು, ಕತ್ತಲೆ ಕೋಣೆಗೆ ಹಾಕುತ್ತೇನೆ ಎಂದದ್ದು, ಹಟ ಮಾಡುವ ಮಗಳು ನನಗೆ ಬೇಡ ಎಂದದ್ದು. ಅತ್ತೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. ಗಂಡ ಬೈಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ.

"ಅಲ್ಲಿ ನಾನು ಯಾರಿಗೂ ಬೈಯುವ ಹಾಗಿಲ್ಲ" ಎಂದರು ಕೊನೆಗೆ. "ಅಲ್ಲಿ ಎಲ್ಲರೂ ಬೈಯುವುದು ನನಗೇ." ಆಗ ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಅವರು ಜಗಲಿಯಲ್ಲಿ ಕುಳಿತು ಡಯಲ್ ತಿರುಗಿಸಿದರು. ಮಗಳು ಓಡಿ ಬಂದು ನಿಂತಳು. "ಹಲೋ ಮಗಾ, ನಾನು ಅಪ್ಪ ಮಾತಾಡುವುದು. ಇನ್ನು ಯಾವತ್ತೂ ಬೈಯುವುದಿಲ್ಲ" ಎಂದು ರಿಸೀವರನ್ನು ಅವಳ ಕಿವಿಗೆ ಹಿಡಿದರು. ಅವರ ಸ್ವರ ತೆಳ್ಳಗಿನದು, ಮೆತ್ತಗಿನದು. ಅವಳು ಸ್ವಲ್ಪ ಹೊತ್ತು ಆಲಿಸಿ, ರಿಸೀವರನ್ನು ನನ್ನ ಕೈಗೆ ಕೊಟ್ಟಳು. "ಇದು ಅಪ್ಪನ ಸ್ವರ ಅಲ್ಲ" ಎಂದಳು.

ಅವರು ನನ್ನ ಮುಖ ನೋಡಿದರು. "ನೀನೇ ಮಾತಾಡು. ಅವಳಿಗೆ ಅಪ್ಪ ನೀನೇ ಅಲ್ವಾ?" ಎಂದು ಕಂಬಕ್ಕೆ ಒರಗಿ ಕುಳಿತರು.

ರಿಸೀವರನ್ನು ಅವಳ ಕೈಗೇ ಕೊಟ್ಟು ಬಾಗಿಲ ಹಿಂದೆ ಹೋಗಿ ಕುಳಿತೆ. ಆ ಹೆಡ್‌ಮಾಸ್ಟರರ ಸ್ವರ ತೆಗೆದೆ. "ಮಗಾ, ನಾನು ಬೈದದ್ದು ತಪ್ಪು. ನೀನು ಒಳ್ಳೆಯವಳು. ಊಟ ಮಾಡದಿದ್ದರೂ ನೀನು ನನಗೆ ಬೇಕು" ಎಂದೆ. ಗಂಡನ ಎದುರು, ಗಂಡನ ಹೆಸರಿನಲ್ಲಿ, ನಾನು ಮಾಡಿದ್ದಕ್ಕೆ ನಾನು ಕ್ಷಮೆ ಕೇಳುತ್ತಿದ್ದೆ.

"ಹಾಗಾದ್ರೆ ಇವರ ಹತ್ತಿರ ಹೋಗ್ಬೇಕಾ?" ಎಂದು ಅವಳು ಫೋನಿಗೆ ಕೇಳಿದಳು.

"ಹೋಗು ಮಗಾ" ಎಂದೆ.

ಹೋದಳು. ಅವರ ತೊಡೆಯ ಮೇಲೆ ಕುಳಿತಳು. ಬೆನ್ನು ನೆಟ್ಟಗೆ, ಕೈ ಕಟ್ಟಿಕೊಂಡು. ಅವರು ಕೂದಲು ನೇವರಿಸಿದರು, ಅವಳು ಅಲುಗಾಡಲಿಲ್ಲ. ಬಯಸಿದ್ದು ಅವರಿಗೆ ಸಿಕ್ಕಿತ್ತು, ಆದರೆ ಅದು ನಾನು ಹೇಳಿ ಕೊಡಿಸಿದ್ದು.

ಉಳಿದ ದಿನಗಳಲ್ಲಿ ಅಷ್ಟಿಷ್ಟು ಸಲಿಗೆ ಬಂತು. ಗೊಂಬೆ ಹೊರಗೆ ಬಂತು. ಜಗಲಿಯಲ್ಲಿ ಒಲೆ ಹೊತ್ತಿತು, ನಾಲ್ಕನೆಯ ಎಲೆಯೂ ಬಿತ್ತು. ಅವರು ಮರಳಿನ ಅನ್ನವನ್ನು ಚಪ್ಪರಿಸಿ ತಿಂದ ಹಾಗೆ ಮಾಡುತ್ತಿದ್ದರು. ಅವಳು ಬಡಿಸಿ ಪಕ್ಕದಲ್ಲಿ ನಿಲ್ಲುತ್ತಿದ್ದಳು. "ನೀನೂ ಕೂತುಕೋ" ಎಂದರೆ ನನ್ನನ್ನು ನೋಡುತ್ತಿದ್ದಳು. ಹೊರಡುವ ದಿನ ಅವರು ಕೆಂಪು ಫೋನನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ವಾಪಸು ತೆಗೆದುಕೊಂಡು ಹೋದರು. ಮಗಳು ಅದನ್ನು ಕೇಳಲಿಲ್ಲ.

ಆಮೇಲೆ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಅವಳು ಚಹಾ ತಂದುಕೊಡುತ್ತಿದ್ದಳು, ಮಾರ್ಕ್ಸ್ ಕಾರ್ಡ್ ತೋರಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಮರ್ಯಾದೆಗೆ ಕೊರತೆ ಇರಲಿಲ್ಲ. ಅವರಿಗೆ ಬೇಕಾದದ್ದು ಅದಲ್ಲ ಎಂದು ನನಗೆ ಗೊತ್ತಿತ್ತು, ಅವರು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಮ್ಮ ಮನೆಗೇ ಫೋನು ಬಂತು. ಮಗಳು ಆಗ ಹೈಸ್ಕೂಲು, ನನ್ನಷ್ಟೇ ಎತ್ತರ. ಮೊದಲ ಸಲ ಮಸ್ಕತ್ತಿನಿಂದ ಕರೆ ಬಂದಾಗ ಅವಳು ಫೋನಿನ ಪಕ್ಕದ ಕುರ್ಚಿಯಲ್ಲೇ ಓದುತ್ತಾ ಕುಳಿತಿದ್ದಳು. ಎತ್ತಿ ಹಲೋ ಎಂದಳು. ಯಾರೆಂದು ತಿಳಿದ ಕೂಡಲೇ ಪುಸ್ತಕ ಕೆಳಗಿಟ್ಟು ಎದ್ದು ನಿಂತಳು. "ಹೌದು ಅಪ್ಪ. ಊಟ ಆಯ್ತು ಅಪ್ಪ" ಎಂದಳು.

ಅತ್ತ ಕಡೆಯಿಂದ ಅವರ ಸ್ವರ ಬಂತು. ಸ್ಪಷ್ಟವಾಗಿತ್ತು, ನನಗೂ ಕೇಳಿತು: "ಕೂತುಕೊಂಡು ಮಾತಾಡು ಮಗಾ."

ಸಮುದ್ರದ ಆಚೆಯಿಂದ ಅವರಿಗೆ ಹೇಗೆ ಕಂಡಿತು ಎಂದು ನಾನು ಕೇಳಬೇಕಾಗಿಯೇ ಇರಲಿಲ್ಲ. ಮಗಳು ಕೂರಲಿಲ್ಲ. ರಿಸೀವರನ್ನು ಹಿಡಿದುಕೊಂಡೇ ತಿರುಗಿ ನನ್ನ ಮುಖ ನೋಡಿದಳು. ನಾನು ಕೂತುಕೋ ಎಂದು ಹೇಳಿದ ಮೇಲೆ ಕೂತಳು.